ಪೌರತ್ವದ ಪಾಠವನ್ನು ಎಲ್ಲಿಂದ ತೊಡಗಬೇಕು?

ಪ್ರಶ್ನೆ: ನಾನು ಬಂದರಿಗೆ ಸಮೀಪದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಪೌರತ್ವದ ಪಾಠ ನಡೆಯುತ್ತಿದ್ದಾಗ, ಮೀನುಗಾರಿಕೆಯ ಬೋಟಿನಲ್ಲಿ ದುಡಿಯಲು ಒಡಿಶಾದಿಂದ ಬಂದವರೊಬ್ಬರ ಮಗನನ್ನು ಉಳಿದ ಹುಡುಗರು ‘ನೀನು ಯಾವ ದೇಶದವ?’ ಎಂದು ಕೇಳಿ ನಕ್ಕರು. ಅವನು ಆಧಾರ್ ಕಾರ್ಡ್ ತಂದು ತೋರಿಸುತ್ತೇನೆಂದ. ಗದರಿಸಿ ಸುಮ್ಮನಾಗಿಸಿದೆನಾದರೂ ಪಾಠ ಮುಂದೆ ಸಾಗಲಿಲ್ಲ. ಪೌರತ್ವ, ವಲಸೆ, ರಾಷ್ಟ್ರಧ್ವಜಗಳ ವಿಷಯವನ್ನು ಹೇಗೆ ಕಲಿಸಲಿ?
– ಶಿಕ್ಷಕಿ, ಕಾರವಾರ

ಉತ್ತರ: ಗದರಿಸಿದ್ದು ಸರಿಯೇ. ಆದರೆ ಹುಡುಗರ ಪ್ರಶ್ನೆಗೆ ಉತ್ತರ ಬಾಕಿ ಉಳಿಯಿತು. ಆಡುವ ಭಾಷೆ, ಈಗಿನ ಊರು, ಪೌರತ್ವ ಇವು ಮೂರೂ ಒಂದೇ ಎಂದು ಮಕ್ಕಳು ಭಾವಿಸಿರುವುದರಿಂದ, ಮೊದಲು ಅವನ್ನು ಬಿಡಿಸಿ ಹೇಳಬೇಕು. ಒಡಿಶಾದವರು ಕಾರವಾರಕ್ಕೆ ಬರುವುದೂ ಕಾರವಾರದವರು ಮುಂಬೈಗೆ ಹೋಗುವುದೂ ದೇಶದೊಳಗಿನ ವಲಸೆ. ಭಾರತದಲ್ಲಿ ಎಲ್ಲಿ ಬೇಕಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿಯೇ ಕೊಟ್ಟಿದೆ. ಇನ್ನು ಆಧಾರ್ ಪೌರತ್ವದ ಪುರಾವೆಯಲ್ಲವೆಂದು ಅದರ ಕಾನೂನೇ ಹೇಳುತ್ತದೆ. ಅದು ಇಲ್ಲಿ ವಾಸವಾಗಿರುವವರಿಗೆ ಕೊಡುವ ಗುರುತು. ಹಾಗಾಗಿ ಕೇಳಿದವರೂ ತಪ್ಪಿದರು, ಪಾಪ, ಉತ್ತರಿಸಲು ಹೊರಟವನೂ ತಪ್ಪಿದ.

ಪೌರತ್ವವೆಂದರೆ ಕಾನೂನು ಕಟ್ಟಿಕೊಟ್ಟ ಸಂಬಂಧ ಎಂಬುದನ್ನು ತೋರಿಸಲು ನಿಮ್ಮಷ್ಟು ಅನುಕೂಲವಾದ ಊರು ಬೇರೆಯವರಿಗೆ ಸಿಗಲಾರದು. ಮಾಜಾಳಿ ದಾಟಿದರೆ ಗೋವಾದ ಪೋಳೆಂ. 1961ರ ಡಿಸೆಂಬರ್ 19ರವರೆಗೂ ಅಲ್ಲಿದ್ದದ್ದು ಪೋರ್ಚುಗೀಸ್ ಆಳ್ವಿಕೆ. ಕಾರವಾರದ ಕಡಲಿನಿಂದ ಕಣ್ಣಿಗೆ ಕಾಣುವ ಅಂಜದೀವ ದ್ವೀಪವೂ ಅವರ ಕೈಯಲ್ಲೇ ಇತ್ತು. 1955ರ ಪೌರತ್ವ ಕಾಯ್ದೆಯಲ್ಲಿ ಹೊಸ ಪ್ರದೇಶವೊಂದು ಭಾರತಕ್ಕೆ ಸೇರಿದಾಗ ಅಲ್ಲಿಯ ಜನರು ಪೌರರಾಗುವ ದಾರಿ ಇದೆ, ಅದರಂತೆ 1962ರಲ್ಲಿ ಹೊರಟ ಆದೇಶವು ಗೋವೆಯಲ್ಲಿ ಹುಟ್ಟಿದವರನ್ನು ಭಾರತದ ಪೌರರನ್ನಾಗಿಸಿತು. ಕಾಣಕೋಣದ ಅಜ್ಜಿಯೊಬ್ಬಳು ಮನೆಯ ಹೊಸ್ತಿಲು ದಾಟದೆಯೇ ಪೌರಳಾದಳು ಎಂದು ಹೇಳಿ ನೋಡಿ. ತರಗತಿಯಲ್ಲಿ ಒಬ್ಬರಿಗಾದರೂ ಅಂಥ ನೆಂಟರಿದ್ದಾರು.

ಮುಂಡಗೋಡ ನಿಮ್ಮ ಜಿಲ್ಲೆಯದೇ ಇನ್ನೊಂದು ಉದಾಹರಣೆ. 1966ರಲ್ಲಿ ನೆಲೆಯಾದ ಅಲ್ಲಿಯ ಟಿಬೆಟನ್ ಕಾಲೊನಿಯ ಹಿರಿಯರು ನಿರಾಶ್ರಿತರಾಗಿ ಬಂದವರು. ಆದರೆ 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಭಾರತದಲ್ಲಿ ಹುಟ್ಟಿದವರು, ತಂದೆತಾಯಿ ಯಾವ ದೇಶದವರೇ ಆಗಿರಲಿ, ಸಾಮಾನ್ಯವಾಗಿ ಜನ್ಮತಃ ಪೌರರು. ಟಿಬೆಟನ್ನರಿಗೂ ಇದು ಅನ್ವಯಿಸುತ್ತದೆಂದು ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿತು. ಅಂದರೆ ಟಿಬೆಟಿನಲ್ಲಿ ಹುಟ್ಟಿ ಬಂದ ದಂಪತಿಗೆ ಇಲ್ಲಿ 1986ರಲ್ಲಿ ಹುಟ್ಟಿದ ಮಗಳು ಪೌರಳು, 1988ರಲ್ಲಿ ಹುಟ್ಟಿದ ಮಗ ಜನ್ಮತಃ ಪೌರನಲ್ಲ. ಒಂದೇ ಗಂಗಾಳದಲ್ಲಿ ಉಂಡ ಅಕ್ಕ–ತಮ್ಮನ ನಡುವೆ ಕಾನೂನು ಗೆರೆ ಎಳೆದದ್ದೇಕೆಂದು ಮಕ್ಕಳೇ ವಾದಿಸಲಿ. ಯಾವ ಮಗುವಿನ ಮನೆಯ ಕಾಗದಪತ್ರವನ್ನೂ ಶಾಲೆಗೆ ತರಿಸಬೇಡಿ, ಉದಾಹರಣೆಗಳು ಕಲ್ಪಿತವೇ ಇರಲಿ.

ದೇಶಪ್ರೇಮ ಬೇರೆಯೇ ಸಂಗತಿ. 1930ರಲ್ಲಿ ಅಂಕೋಲೆಯ ಕಡಲತಡಿಯಲ್ಲಿ ಉಪ್ಪಿನ ಕಾನೂನು ಮುರಿದವರು ಕಾನೂನಿನ ಕಣ್ಣಿಗೆ ಬ್ರಿಟಿಷ್ ಪ್ರಜೆಗಳು. ಭಾರತೀಯ ಪೌರತ್ವವೆಂಬುದು ಆಗಿನ್ನೂ ಹುಟ್ಟಿರಲೇ ಇಲ್ಲ.

ಧ್ವಜವನ್ನು ಭಾಷಣದಿಂದಲ್ಲ, ಕೈಗೆ ಕೊಟ್ಟು ಕಲಿಸುವುದು ಮೇಲು: ಸಂವಿಧಾನ ಸಭೆ ಅದನ್ನು ಅಂಗೀಕರಿಸಿದ್ದು 1947ರ ಜುಲೈ 22ರಂದು, ಉದ್ದ ಅಗಲಗಳ ಪ್ರಮಾಣ 3:2, ಖಾದಿಯ ಧ್ವಜಗಳು ತಯಾರಾಗುವುದು ಘಟ್ಟದ ಮೇಲಿನ ಹುಬ್ಬಳ್ಳಿಯ ಬೆಂಗೇರಿಯಲ್ಲಿ. ರಾಷ್ಟ್ರಗೀತೆಯ ಕವಿ ರವೀಂದ್ರನಾಥರು ತಾರುಣ್ಯದಲ್ಲಿ, ಅಣ್ಣ ಇಲ್ಲಿ ನ್ಯಾಯಾಧೀಶರಾಗಿದ್ದಾಗ, ಕಾರವಾರದಲ್ಲಿ ಇದ್ದು ಹೋದವರು. ಅವರ ಹೆಸರಿನ ಕಡಲತೀರಕ್ಕೆ ಮಕ್ಕಳನ್ನು ಕರೆದೊಯ್ಯುವುದು ಕಷ್ಟವೇನಲ್ಲ. ಹಾಡಿನ ದನಿ ಎಷ್ಟು ಜೋರೆಂದು ಅಳೆಯಬೇಡಿ. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ತಮ್ಮ ಧರ್ಮದ ಕಾರಣಕ್ಕೆ ಹಾಡದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು ಸುಪ್ರೀಂ ಕೋರ್ಟ್ 1986ರಲ್ಲೇ ತೀರ್ಪಿತ್ತಿದೆ.

ಅಶೋಕ ಚಕ್ರ ಮೇಲೆ ಕಾಣುವಂತೆ ಧ್ವಜ ಮಡಚುವುದನ್ನು ಎಲ್ಲರಿಗೂ ಕಲಿಸಿ. ಆ ಒಡಿಶಾದ ಹುಡುಗನನ್ನು ಮಾತ್ರ ಅದಕ್ಕೆ ಮೊದಲಿಗನನ್ನಾಗಿ ಕರೆಯಬೇಡಿ. ಹಾಜರಿ ಪುಸ್ತಕದಲ್ಲಿ ಅವನ ಸರದಿ ಬಂದಾಗ ಕರೆಯಿರಿ.