ಮಾಡರ್ನ್ ಆರ್ಟ್ ಅರ್ಥವಾಗದ ನಾನೂ ನನ್ನ ಸ್ನೇಹಿತನೂ ಬೆಂಗಳೂರಿನ ಎನ್‌ಜಿಎಂಎಗೆ (ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ) ಹೊರಟಿದ್ದೇವೆ. ಅಲ್ಲಿ ಹೇಗೆ ನೋಡಬೇಕು?

ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿರುವ ಈ ಗ್ಯಾಲರಿಗೆ ಸೋಮವಾರ ರಜೆ. ಪ್ರದರ್ಶನಗಳು ಬದಲಾಗುತ್ತಿರುತ್ತವೆ, ಹಾಗಾಗಿ ಇಂಥದ್ದೇ ಚಿತ್ರ ನೋಡಬೇಕೆಂದಿದ್ದರೆ ಮೊದಲೇ ವಿಚಾರಿಸಿ. ಒಂದೂವರೆ ಗಂಟೆ ಸಾಕು. ಆಮೇಲೆ ಕಣ್ಣು ತೆರೆದಿದ್ದರೂ ಏನೂ ತಲೆಗೆ ಹೋಗುವುದಿಲ್ಲ.

ಇಬ್ಬರು ಹೋದಾಗ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಜೊತೆಜೊತೆಗೇ ನಡೆಯುತ್ತಾರೆ. ಒಬ್ಬರಿಗೆ ನಿಲ್ಲಬೇಕು, ಇನ್ನೊಬ್ಬರಿಗೆ ಮುಂದೆ ಹೋಗಬೇಕು. ಸಂಕೋಚಕ್ಕೆ ಇಬ್ಬರೂ ಅರ್ಧಂಬರ್ಧ ನೋಡುತ್ತಾರೆ. ಆದ್ದರಿಂದ ಒಂದೊಂದು ಕೋಣೆಗೂ ಹತ್ತು ನಿಮಿಷ ಬೇರೆಬೇರೆಯಾಗಿ ಸುತ್ತಿ, ತಲಾ ಒಂದು ಚಿತ್ರ ಆರಿಸಿಕೊಳ್ಳಿ. ಹಿಡಿಸಿದ್ದೇ ಆಗಬೇಕಿಲ್ಲ, ಕಿರಿಕಿರಿ ಮಾಡಿದ್ದೂ ಆದೀತು. ಬಳಿಕ ಇಬ್ಬರೂ ಅದರ ಮುಂದೆ ನಿಲ್ಲಿ. ಪಕ್ಕದ ಚೀಟಿ ಓದಬೇಡಿ. ಆರಿಸಿದವರು ಸುಮ್ಮನಿರಲಿ, ಇನ್ನೊಬ್ಬರು ಕಂಡದ್ದನ್ನಷ್ಟೇ ಹೇಳಲಿ: ಯಾವ ಬಣ್ಣ ಎಲ್ಲಿ ದಟ್ಟ, ಗೆರೆ ಎಲ್ಲಿ ತುಂಡಾಗಿದೆ, ಕಣ್ಣು ಮೊದಲು ಎಲ್ಲಿಗೆ ಹೋಯಿತು. ‘ಇದರ ಅರ್ಥವೇನು’ ಎಂದು ಶುರುಮಾಡಿದರೆ ಮಾತು ಅಲ್ಲೇ ನಿಂತುಹೋಗುತ್ತದೆ.

ಚಿತ್ರದ ಅಗಲದ ಎರಡರಷ್ಟು ದೂರದಿಂದ ಮೊದಲು ನೋಡಿ, ಆಮೇಲೆ ಮೂರಡಿಯಷ್ಟು ಹತ್ತಿರ ಬನ್ನಿ. ತೈಲವರ್ಣವಾದರೆ ಒಂದು ಪಕ್ಕಕ್ಕೆ ಸರಿದು ನೋಡಿ, ಓರೆ ಬೆಳಕಿನಲ್ಲಿ ಬಣ್ಣದ ದಪ್ಪ, ಕುಂಚದ ಓಟ ಎದ್ದು ಕಾಣುತ್ತದೆ. ಗಾಜಿನಲ್ಲಿ ನಿಮ್ಮ ಮುಖವೇ ಕಂಡರೂ ಇದೇ ಉಪಾಯ. ಕಾಗದದ ಮೇಲಿನ ಚಿತ್ರಗಳಿಗೆ ಸಾಮಾನ್ಯವಾಗಿ 50 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಅಳತೆ) ಮಂದ ಬೆಳಕು ಇಡುತ್ತಾರೆ. ಬೆಳಕಿಗೆ ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಕೊಡಿ.

ಚೀಟಿ ಕೊನೆಗೆ. ಅದರಲ್ಲಿ ಇಸವಿ, ಮಾಧ್ಯಮ (ಯಾವ ಬಣ್ಣ, ಯಾವುದರ ಮೇಲೆ) ಎರಡನ್ನೂ ತಪ್ಪದೆ ಓದಿ, ಅರ್ಧ ಉತ್ತರ ಅಲ್ಲೇ ಇರುತ್ತದೆ. ಬಂಗಾಳದ ಚಿತ್ರಕಾರ ಜಾಮಿನಿ ರಾಯ್ ಕಲಿತದ್ದು ಪಾಶ್ಚಾತ್ಯ ಶೈಲಿಯ ತೈಲಚಿತ್ರ. ಅದನ್ನು ಬಿಟ್ಟು ಬಂಗಾಳದ ಜನಪದ ಚಿತ್ರಗಳತ್ತ ತಿರುಗಿ ಟೆಂಪೆರಾ (ಎಣ್ಣೆಯ ಬದಲು ಅಂಟಿನಂಥದ್ದರಲ್ಲಿ ಕಲಸಿದ ಬಣ್ಣ) ಹಿಡಿದರು. ಇದು ಗೊತ್ತಾದಮೇಲೆ ಆ ಚಪ್ಪಟೆ ಬಣ್ಣ, ದಪ್ಪ ಗೆರೆ ಕೈಲಾಗದ್ದಕ್ಕೆ ಬಂದದ್ದಲ್ಲ, ಬೇಕೆಂದೇ ಆರಿಸಿದ್ದು ಎಂಬುದು ತಾನಾಗಿ ಕಾಣುತ್ತದೆ. ರವೀಂದ್ರನಾಥ ಟಾಗೋರರ ಚಿತ್ರ ಸಿಕ್ಕರೆ ಬಿಡಬೇಡಿ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಜೋಡಿಸುತ್ತ ಆಕಾರ ಬಿಡಿಸುತ್ತಿದ್ದವರು ಅರವತ್ತು ದಾಟಿದಮೇಲೆ ಪೂರ್ಣವಾಗಿ ಚಿತ್ರಕ್ಕಿಳಿದರು.

ಇಬ್ಬರ ಅಭಿಪ್ರಾಯ ಕೂಡದಿದ್ದರೆ ಒಪ್ಪಿಸಲು ಹೋಗಬೇಡಿ. ಅದೇ ಚಿತ್ರದ ಮುಂದೆ ಇನ್ನೈದು ನಿಮಿಷ ನಿಲ್ಲಿ.