ಅಕ್ಕನ ಮಗು ಹುಟ್ಟಿ 4 ದಿನ. ಎರಡೂ ಕಣ್ಣು ಊದಿ ಕೀವು ಸುರಿಯುತ್ತಿದೆ. ಎದೆಹಾಲು ಹಿಂಡಿದರೆ ಸಾಕು ಅಂತಾರೆ ಅಜ್ಜಿ. ಕಾಯಬಹುದಾ?

ಕಾಯಬೇಡಿ. ಈಗಲೇ ಅಕ್ಕನನ್ನೂ ಮಗುವನ್ನೂ ಕರೆದುಕೊಂಡು ಆಸ್ಪತ್ರೆಗೆ ಹೊರಡಿ. ಉಳಿದದ್ದನ್ನು ದಾರಿಯಲ್ಲಿ ಓದಿ.

ನಾನು ಎಳೆ ಮಕ್ಕಳ ವಾರ್ಡಿನಲ್ಲಿ ನರ್ಸ್. ಕಣ್ಣಲ್ಲಿ ಸ್ವಲ್ಪ ಗೀಜು ಕಟ್ಟುವುದು ಮಾಮೂಲು. ಆದರೆ ನೀವು ಹೇಳಿದ್ದು ಅದಲ್ಲ. ಹುಟ್ಟಿದ 2ರಿಂದ 5 ದಿನದೊಳಗೆ ರೆಪ್ಪೆ ಊದಿ, ಒರೆಸಿದಷ್ಟೂ ಹಳದಿ ಕೀವು ಬಂದರೆ ನಾವು ಮೊದಲು ಅನುಮಾನಪಡುವುದು ಗೊನೊರಿಯಾ ಸೋಂಕನ್ನು. ಅದು ದೊಡ್ಡವರಲ್ಲಿ ಲೈಂಗಿಕ ಸಂಪರ್ಕದಿಂದ ಹರಡುವ ಬ್ಯಾಕ್ಟೀರಿಯಾ ಸೋಂಕು. ಒಮ್ಮೆ ಅಂಥ ಮಗುವಿನ ರೆಪ್ಪೆ ಬಿಡಿಸಿದಾಗ ಒಳಗೆ ತುಂಬಿದ್ದ ಕೀವು ಚಿಮ್ಮಿ ನನ್ನ ಕನ್ನಡಕದ ಮೇಲೆ ಬಿತ್ತು. ಕಣ್ಣುಗುಡ್ಡೆಯ ಮುಂದಿನ ಪಾರದರ್ಶಕ ಪದರಕ್ಕೆ ಕಾರ್ನಿಯಾ ಅಂತಾರೆ. ಈ ಬ್ಯಾಕ್ಟೀರಿಯಾ ಅದನ್ನು 24 ಗಂಟೆಯಲ್ಲೇ ತೂತು ಮಾಡಬಲ್ಲದು. ಆಮೇಲೆ ಹೋದ ದೃಷ್ಟಿ ಪೂರ್ತಿ ಬರುವುದು ಕಷ್ಟ.

ಎದೆಹಾಲು ಮಗುವಿನ ಹೊಟ್ಟೆಗೆ ಕೊಡಿ, ಕಣ್ಣಿಗೆ ಬೇಡ. ಕಾಡಿಗೆ, ಹರಳೆಣ್ಣೆ ಕೂಡ ಬೇಡ. ಮೆಡಿಕಲ್ ಶಾಪಿನ ಡ್ರಾಪ್ಸ್ ಒಂದರಿಂದಲೇ ಇದು ವಾಸಿಯಾಗುವುದಿಲ್ಲ. ಆಸ್ಪತ್ರೆಯಲ್ಲಿ ಕೀವನ್ನು ಪರೀಕ್ಷೆಗೆ ತೆಗೆದುಕೊಂಡು, ರಿಪೋರ್ಟಿಗೆ ಕಾಯದೆ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಇಂಜೆಕ್ಷನ್ ಕೊಡುತ್ತಾರೆ. ಮಗುವಿನ ತೂಕದ ಪ್ರತಿ ಕಿಲೋಗೆ 25ರಿಂದ 50 ಮಿಲಿಗ್ರಾಂ, ಒಟ್ಟು 250 ಮಿಲಿಗ್ರಾಂ ಮೀರುವಂತಿಲ್ಲ. ಕಣ್ಣಿಗಷ್ಟೇ ಆಗಿದ್ದರೆ ಸಾಮಾನ್ಯವಾಗಿ ಒಂದೇ ಡೋಸ್ ಸಾಕು. ಮಗುವಿಗೆ ಕಾಮಾಲೆ ಜಾಸ್ತಿ ಇದ್ದರೆ ಅಥವಾ ಕ್ಯಾಲ್ಸಿಯಂ ಡ್ರಿಪ್ ಹಾಕಿದ್ದರೆ ಬೇರೆ ಔಷಧ ಆರಿಸುತ್ತಾರೆ, ಅದನ್ನು ಮರೆಯದೆ ಹೇಳಿ. ಕೀವು ನಿಲ್ಲುವ ತನಕ ಸಲೈನಿನಿಂದ ಮತ್ತೆ ಮತ್ತೆ ಕಣ್ಣು ತೊಳೆಯುತ್ತೇವೆ. ಅಡ್ಮಿಟ್ ಮಾಡಿ ಅಂದರೆ ಹೆದರಬೇಡಿ. ಸೋಂಕು ರಕ್ತ, ಕೀಲು, ಮೆದುಳಿನ ಪೊರೆಗೆ ಹಬ್ಬಿಲ್ಲ ಎಂದು ನೋಡಲೇಬೇಕು.

1880ರ ಸುಮಾರಿಗೆ ಜರ್ಮನಿಯ ಲೈಪ್ಜಿಗ್‌ನಲ್ಲಿ ಕಾರ್ಲ್ ಕ್ರೆಡೆ ಎಂಬ ವೈದ್ಯರು ಈ ಸೋಂಕು ತಡೆಯಲು ಮಗು ಹುಟ್ಟಿದ ಕೂಡಲೇ ಅದರ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಲು ಶುರು ಮಾಡಿದರು. ಅದಕ್ಕೆ ಮೊದಲು ಅವರ ಆಸ್ಪತ್ರೆಯಲ್ಲಿ 100ಕ್ಕೆ ಸುಮಾರು 10 ಮಕ್ಕಳಿಗೆ ಈ ಕಾಯಿಲೆ ಬರುತ್ತಿತ್ತು. ಆಗ ಆಂಟಿಬಯೋಟಿಕ್ ಇರಲಿಲ್ಲ. ಈಗ ಇದೆ, ಹೊತ್ತಿಗೆ ಸರಿಯಾಗಿ ತಲುಪಬೇಕು ಅಷ್ಟೇ.

ಇನ್ನೊಂದು ಮಾತು, ಅಕ್ಕನ ಬಗ್ಗೆ. ಈ ಸೋಂಕು ಹೆರಿಗೆ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ತಗಲುತ್ತದೆ. ಎಷ್ಟೋ ಹೆಂಗಸರಿಗೆ ಯಾವ ಲಕ್ಷಣವೂ ಇರುವುದಿಲ್ಲ, ಅವರಿಗೇ ಗೊತ್ತಿರುವುದಿಲ್ಲ. ಪರೀಕ್ಷೆಯಲ್ಲಿ ಅದೇ ಎಂದು ಬಂದರೆ ಅಕ್ಕ, ಭಾವ ಇಬ್ಬರೂ ಚಿಕಿತ್ಸೆ ತೆಗೆದುಕೊಳ್ಳಬೇಕು. ಬಾಣಂತಿಯನ್ನು ಯಾರೂ ಚುಚ್ಚಿ ಮಾತಾಡದ ಹಾಗೆ ನೀವು ನೋಡಿಕೊಳ್ಳಿ. ಮನೆಯಲ್ಲಿ ಕೇಳಿದರೆ "ಕಣ್ಣಿಗೆ ಇನ್ಫೆಕ್ಷನ್ ಆಗಿದೆ" ಎಂದಷ್ಟೇ ಹೇಳಿ.