ತಿಂಗಳಿಗೊಂದು ರಾತ್ರಿ ಹೊರಗೆ ಮಲಗುವ ಪಣ: ಚಳಿಗಾಲಕ್ಕೆ ಏನು ಬದಲಾಗಬೇಕು?

ತಿಂಗಳಿಗೆ ಒಂದು ರಾತ್ರಿಯಾದರೂ ಮನೆಯಿಂದಾಚೆ, ಬಯಲಲ್ಲಿ ಮಲಗಬೇಕು ಎಂದು ಪಣ ತೊಟ್ಟವರು ಚಳಿಗಾಲ ಹತ್ತಿರವಾದಾಗ ಕಳಿಸಿದ ಪ್ರಶ್ನೆಗಳಿವು. ಚಳಿಗಾಲದ ಕ್ಯಾಂಪಿಂಗ್ ಕಲಿಸುವ ತರಬೇತುದಾರರು ಉತ್ತರಿಸಿದ್ದಾರೆ.

ಪ್ರಶ್ನೆ: ನಾವು ಮೂವರು ಗೆಳೆಯರು. ವರ್ಷಪೂರ್ತಿ ತಿಂಗಳಿಗೊಂದು ರಾತ್ರಿ ಹೊರಗೆ ಮಲಗುವುದು ನಮ್ಮ ಪಣ. ಒಂದು ತಿಂಗಳು ತಪ್ಪಿದರೂ ಪಣ ಮುರಿದಂತೆ ಎಂದು ನಿಯಮ ಮಾಡಿಕೊಂಡಿದ್ದೇವೆ. ಚಳಿಗಾಲದಲ್ಲೂ ಮುಂದುವರಿಸಬಹುದೇ? ಪ್ರತಿ ತಿಂಗಳು ಹೀಗೆ ಮಲಗಿದರೆ ಮೈ ಚಳಿಗೆ ಒಗ್ಗುತ್ತದೆಯೇ?

ಖಂಡಿತ ಮುಂದುವರಿಸಿ. ಚಳಿಗಾಲದ ರಾತ್ರಿಗೆ ಅದರದ್ದೇ ಸೊಗಸು ಇದೆ. ಸೊಳ್ಳೆ ಕಾಟ ಕಡಿಮೆ, ಕತ್ತಲು ದೀರ್ಘ, ಮೋಡವಿಲ್ಲದ ದಿನ ನಕ್ಷತ್ರಗಳು ಎದ್ದು ಕಾಣುತ್ತವೆ. ಆದರೆ ನಿಮ್ಮ ನಿಯಮ ನನಗೆ ಹಿಡಿಸಲಿಲ್ಲ. ಹೊರಡುವ ಮೊದಲು ಮೂವರೂ ಕೂತು ಅದನ್ನು ತಿದ್ದಿ.

ಯಾಕೆ ಹೇಳುತ್ತೇನೆ ಅಂದರೆ, 'ಒಂದು ತಿಂಗಳೂ ತಪ್ಪಬಾರದು' ಎಂದಾಗ ಏನಾಗುತ್ತದೆ ನೋಡಿ. ಮೊದಲ ವಾರ ಕೆಲಸ ಜಾಸ್ತಿ. ಎರಡನೇ ವಾರ ಯಾರದ್ದೋ ಮದುವೆ. ಮೂರನೇ ವಾರ ಒಬ್ಬರಿಗೆ ನೆಗಡಿ. ಉಳಿಯುವುದು ತಿಂಗಳ ಕೊನೆಯ ಒಂದು ರಾತ್ರಿ. ಅವತ್ತೇ ಜೋರು ಗಾಳಿ, ಮಳೆ. ಆದರೂ ಹೊರಡುತ್ತೀರಿ, ಯಾಕೆಂದರೆ ನಾಳೆ ಕ್ಯಾಲೆಂಡರ್ ಹಾಳೆ ತಿರುಗುತ್ತದೆ. ಅಪಾಯ ಶುರುವಾಗುವುದೇ ಇಲ್ಲಿ.

ನಾನು ಸೂಚಿಸುವ ನಿಯಮ ಹೀಗಿದೆ. ತಿಂಗಳ ಆರಂಭದಲ್ಲೇ ಒಂದು ರಾತ್ರಿ ಗೊತ್ತುಮಾಡಿ, ಜೊತೆಗೆ ಇನ್ನೆರಡು ರಾತ್ರಿಗಳನ್ನು ಬದಲಿಗೆ ಇಟ್ಟುಕೊಳ್ಳಿ. ಹವಾಮಾನ ಕೆಟ್ಟರೆ ಮುಂದಕ್ಕೆ ಹಾಕಿ. ಹೊರಗೆ ಹಾಸಿಗೆ ಹಾಸಿ ಮಲಗಿದ ಮೇಲೆ ನಡುರಾತ್ರಿ ಎರಡಕ್ಕೆ ತಡೆಯಲಾರದೆ ಒಳಗೆ ಹೋದರೂ ಆ ತಿಂಗಳು ಲೆಕ್ಕಕ್ಕೆ ಬರಲಿ. ಇದು ಬಹಳ ಮುಖ್ಯ. ಒಳಗೆ ಹೋದರೆ ಸೋತಂತೆ ಅನ್ನುವ ಭಾವನೆ ಇದ್ದರೆ ಯಾರೂ ಸರಿಯಾದ ಸಮಯಕ್ಕೆ ಏಳುವುದಿಲ್ಲ. ಚಳಿ, ಹಿಮ ಎರಡನ್ನೂ ಚೆನ್ನಾಗಿ ಬಲ್ಲ ನಾರ್ವೆಯಲ್ಲಿ ಬೆಟ್ಟಕ್ಕೆ ಹೋಗುವವರಿಗಾಗಿ 1950ರ ದಶಕದಿಂದ ಒಂದಿಷ್ಟು ನಿಯಮಗಳು ಚಾಲ್ತಿಯಲ್ಲಿವೆ. 'ಸಕಾಲಕ್ಕೆ ಹಿಂದಿರುಗಿ, ಹಿಂದಿರುಗುವುದರಲ್ಲಿ ನಾಚಿಕೆಯಿಲ್ಲ' ಎನ್ನುವುದು ಅವುಗಳಲ್ಲೊಂದು. ಅಲ್ಲಿನವರಿಗೇ ಈ ಮಾತು ಬೇಕು ಅಂದಮೇಲೆ ನಮಗೆ ಬೇಡವೇ?

ಮೈ ಒಗ್ಗುವ ವಿಚಾರ. ದಿನದಿನವೂ ಚಳಿಗೆ ಒಡ್ಡಿಕೊಂಡರೆ ಕೆಲವು ವಾರಗಳಲ್ಲಿ ನಡುಕ, ಕಸಿವಿಸಿ ಕಡಿಮೆಯಾಗುವುದು ನಿಜ. ತಿಂಗಳಿಗೊಂದು ರಾತ್ರಿ ಅದಕ್ಕೆ ಸಾಲದು. ಇನ್ನೊಂದು ವಿಷಯ ಗಮನಿಸಿ: ಚಳಿ ಅನ್ನಿಸುವುದು ಕಡಿಮೆಯಾದರೆ ಮೈ ಬೆಚ್ಚಗಿದೆ ಎಂದೇನೂ ಅರ್ಥವಲ್ಲ. ತಿಂಗಳು ತಿಂಗಳಿಗೆ ಸುಧಾರಿಸುವುದು ನಿಮ್ಮ ಕೈಚಳಕ ಮತ್ತು ಕಣ್ಣು. ಜಾಗ ಆರಿಸುವುದು, ಹಾಸಿಗೆ ಹಾಸುವುದು, ಕತ್ತಲಲ್ಲಿ ಟೋಪಿ ಎಲ್ಲಿದೆ ಎಂದು ತಡಕಾಡದೆ ಎತ್ತಿಕೊಳ್ಳುವುದು. ಈ ಪಣದ ನಿಜವಾದ ಲಾಭ ಇದೇ.

ಚಳಿಗಾಲದ ಮೊದಲ ರಾತ್ರಿಯನ್ನು ಮನೆ ಬಾಗಿಲಿನಿಂದ ಹತ್ತು ಹೆಜ್ಜೆಯೊಳಗೆ ಕಳೆಯಿರಿ. ಅಂಗಳ, ಟೆರೇಸು, ಬಾಲ್ಕನಿ, ಯಾವುದಾದರೂ ಸರಿ. ಸಾಮಾನುಗಳಲ್ಲಿ ಏನು ಕೊರತೆ ಇದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ದೂರ ಹೋಗುವ ತಿಂಗಳು ಎಲ್ಲಿ ಮಲಗುತ್ತೀರಿ, ಬೆಳಿಗ್ಗೆ ಎಷ್ಟು ಹೊತ್ತಿಗೆ ವಾಪಸ್ ಎಂದು ಒಬ್ಬರಿಗೆ ಹೇಳಿಯೇ ಹೊರಡಿ.

ಮತ್ತೆ, ಒಬ್ಬರನ್ನೊಬ್ಬರು ಗಮನಿಸುತ್ತಿರಿ. ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಅದನ್ನು ಹೈಪೋಥರ್ಮಿಯಾ ಅನ್ನುತ್ತಾರೆ. ಜೋರು ನಡುಕ, ಜಿಪ್ ಎಳೆಯಲು ಬಾರದ ಬೆರಳು, ತೊದಲುವ ಮಾತು, ತಡವರಿಸುವ ನಡಿಗೆ ಇದರ ಲಕ್ಷಣಗಳು. ಮಂಕು ಕವಿಯುವುದರಿಂದ ಚಳಿ ಹಿಡಿದವರಿಗೆ ಇದು ತಿಳಿಯುವುದೇ ಇಲ್ಲ, ಪಕ್ಕದವರಿಗೆ ಮೊದಲು ತಿಳಿಯುತ್ತದೆ. ಹಾಗಾಗಿ 'ಸಾಕು, ಒಳಗೆ ಹೋಗೋಣ' ಎಂದು ಮೂವರಲ್ಲಿ ಯಾರು ಹೇಳಿದರೂ ಅದೇ ಕೊನೆಯ ಮಾತು ಎಂದು ಮೊದಲೇ ಒಪ್ಪಿಕೊಳ್ಳಿ. ಮೈ ಇನ್ನೂ ತಣ್ಣಗಿದ್ದು ನಡುಕ ಮಾತ್ರ ನಿಂತರೆ ಅದು ಗಂಭೀರ ಸ್ಥಿತಿ. ತಕ್ಷಣ ತುರ್ತು ಸಹಾಯಕ್ಕೆ ಕರೆ ಮಾಡಿ. ಗಾಳಿಗೆ ಮರೆ ಮಾಡಿ, ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆಯಲ್ಲಿ ಸುತ್ತಿ, ಮೆಲ್ಲಗೆ ಮಲಗಿಸಿ. ಕೈಕಾಲು ಉಜ್ಜಬೇಡಿ. ಮದ್ಯವನ್ನಂತೂ ಕೊಡಲೇಬೇಡಿ. ಕುಡಿದಾಗ ಚರ್ಮಕ್ಕೆ ರಕ್ತ ನುಗ್ಗಿ ಬೆಚ್ಚಗಾದಂತೆ ಅನ್ನಿಸುತ್ತದೆ, ಆದರೆ ಒಳಗಿನ ಶಾಖ ಹೊರಗೆ ಸೋರಿಹೋಗುತ್ತದೆ.

ಪ್ರಶ್ನೆ: ದಪ್ಪನೆಯ ಸ್ಲೀಪಿಂಗ್ ಬ್ಯಾಗ್ ಕೊಂಡೆ. ಮೇಲೆ ಕಂಬಳಿಯನ್ನೂ ಹೊದ್ದೆ. ಆದರೂ ಬೆಳಗಿನ ಜಾವ ನಾಲ್ಕಕ್ಕೆ ಬೆನ್ನು, ಸೊಂಟ ತಣ್ಣಗಾಗಿ ಎಚ್ಚರವಾಯಿತು. ಇನ್ನೂ ದಪ್ಪದ ಬ್ಯಾಗ್ ಬೇಕೇ?

ಬೇಡ. ನಿಮಗೆ ಬೇಕಿರುವುದು ಕೆಳಗಿನ ಹಾಸು. ಸ್ಲೀಪಿಂಗ್ ಬ್ಯಾಗಿನಲ್ಲಿ ಶಾಖ ಹಿಡಿದಿಡುವುದು ಅದರ ತುಪ್ಪುಳದ ನಡುವೆ ಸಿಕ್ಕಿಕೊಂಡ ಗಾಳಿ. ನೀವು ಮಲಗಿದಾಗ ಬೆನ್ನಿನ ಕೆಳಗಿನ ಭಾಗ ಅಪ್ಪಚ್ಚಿಯಾಗುತ್ತದೆ, ಗಾಳಿ ಹೊರಗೆ ಹೋಗುತ್ತದೆ. ಅಲ್ಲಿಗೆ ನಿಮಗೂ ನೆಲಕ್ಕೂ ನಡುವೆ ಉಳಿಯುವುದು ತೆಳುವಾದ ಬಟ್ಟೆ ಮಾತ್ರ. ನೆಲ ರಾತ್ರಿಯಿಡೀ ಶಾಖ ಹೀರುತ್ತಲೇ ಇರುತ್ತದೆ. ಮೇಲೆ ಎಷ್ಟು ಹೊದ್ದರೂ ಇದಕ್ಕೆ ಪರಿಹಾರವಲ್ಲ.

ಮ್ಯಾಟ್ ಕೊಳ್ಳುವಾಗ ಅದರ ಆರ್-ವ್ಯಾಲ್ಯೂ ನೋಡಿ. ಶಾಖ ಸೋರುವುದನ್ನು ಅದು ಎಷ್ಟು ತಡೆಯುತ್ತದೆ ಎಂದು ತಿಳಿಸುವ ಅಂಕಿ ಇದು. ಜಾಸ್ತಿ ಇದ್ದಷ್ಟೂ ಒಳ್ಳೆಯದು. ಸಾಮಾನ್ಯ ಫೋಮ್ ಮ್ಯಾಟಿಗೆ ಸುಮಾರು 2 ಇರುತ್ತದೆ. ಹೆಪ್ಪುಗಟ್ಟಿದ ನೆಲಕ್ಕೆ 4 ಅಥವಾ 5 ಇರಲಿ, ಹಿಮದ ಮೇಲಾದರೆ ಇನ್ನೂ ಹೆಚ್ಚು. ಖುಷಿಯ ವಿಷಯ ಎಂದರೆ ಒಂದರ ಮೇಲೊಂದು ಹಾಸಿದರೆ ಈ ಅಂಕಿಗಳು ಕೂಡಿಕೊಳ್ಳುತ್ತವೆ. ಹೊಸದು ಕೊಳ್ಳುವ ಬದಲು ಗಾಳಿ ತುಂಬುವ ಮ್ಯಾಟಿನ ಕೆಳಗೆ ಹಳೆಯ ಫೋಮ್ ಹಾಸಿ. ಮುಳ್ಳು ಚುಚ್ಚಿ ಗಾಳಿ ಹೋದರೂ ಫೋಮ್ ಕೈಬಿಡುವುದಿಲ್ಲ. ಒಣ ಎಲೆ, ಒಣ ಹುಲ್ಲು ಸಿಕ್ಕರೆ ಅದೂ ಆಗುತ್ತದೆ. ಆದರೆ ದಪ್ಪಗೆ ಹಾಸಬೇಕು, ಯಾಕೆಂದರೆ ನಿಮ್ಮ ಭಾರಕ್ಕೆ ಅರ್ಧಕ್ಕರ್ಧ ಕುಸಿಯುತ್ತದೆ.

ಇನ್ನು ನಾಲ್ಕು ಗಂಟೆಯ ವಿಷಯ. ಆ ಹೊತ್ತಿಗೆ ಹೆಚ್ಚಿನವರಿಗೆ ಎಚ್ಚರವಾಗುತ್ತದೆ, ಅದಕ್ಕೆ ಕಾರಣವೂ ಇದೆ. ದೇಹದ ಉಷ್ಣತೆ ದಿನದಲ್ಲೇ ಅತಿ ಕಡಿಮೆ ಇರುವುದು ನಾವು ಏಳುವುದಕ್ಕೆ ಎರಡು ಗಂಟೆ ಮೊದಲಿನ ಆಸುಪಾಸಿನಲ್ಲಿ. ಹೊರಗಿನ ಗಾಳಿಯೂ ಸೂರ್ಯ ಹುಟ್ಟುವವರೆಗೆ ತಣ್ಣಗಾಗುತ್ತಲೇ ಹೋಗುತ್ತದೆ. ಎರಡೂ ಒಟ್ಟಿಗೆ ಬಂದು ಹೊಡೆಯುತ್ತವೆ. ಮಲಗುವ ಹೊತ್ತಿನ ಚಳಿ ನೋಡಿ 'ಇಷ್ಟೇ ತಾನೆ' ಎಂದುಕೊಂಡವರೇ ಬೆಳಗಿನ ಜಾವ ಒದ್ದಾಡುತ್ತಾರೆ. ಒಂದು ಸ್ವೆಟರ್, ಒಂದು ಜೊತೆ ಒಣ ಕಾಲುಚೀಲ ಕೈಗೆಟಕುವಲ್ಲಿ ಇಟ್ಟುಕೊಂಡೇ ಮಲಗಿ. ಎಚ್ಚರವಾದ ಕೂಡಲೇ ಹಾಕಿಕೊಳ್ಳಿ, ಸಹಿಸುತ್ತಾ ಬಿದ್ದುಕೊಳ್ಳಬೇಡಿ.

ಎಲ್ಲಿ ಮಲಗಿದ್ದಿರಿ ಎಂದು ನೀವು ಬರೆದಿಲ್ಲ. ತಗ್ಗಿನಲ್ಲಾದರೆ ಅದೂ ಒಂದು ಕಾರಣವಿರಬಹುದು. ತಣ್ಣನೆ ಗಾಳಿ ಭಾರ, ರಾತ್ರಿ ಅದು ಇಳಿಜಾರಿನಲ್ಲಿ ಹರಿದು ಹಳ್ಳದಲ್ಲಿ ತುಂಬಿಕೊಳ್ಳುತ್ತದೆ. ಸ್ವಲ್ಪ ಮೇಲೆ ಹೋದರೆ ಗೊತ್ತಾಗುವಷ್ಟು ವ್ಯತ್ಯಾಸ. ಹಾಗಂತ ತೀರಾ ದಿಬ್ಬದ ತುದಿಗೂ ಹೋಗಬೇಡಿ, ಅಲ್ಲಿ ಗಾಳಿ ಬೀಸುತ್ತದೆ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಇದ್ದರೆ ತೆರೆದ ಚರ್ಮಕ್ಕೆ ಮೈನಸ್ 6ರಷ್ಟು ಚಳಿ ಅನ್ನಿಸುತ್ತದೆ. ಮೋಡವಿಲ್ಲದ ರಾತ್ರಿ ನೆಲ, ಹೊದಿಕೆ ಎಲ್ಲವೂ ಆಕಾಶದ ಕಡೆಗೆ ಶಾಖ ಬಿಡುತ್ತಿರುತ್ತವೆ. ಮೇಲೆ ಮರದ ಕೊಂಬೆಗಳಿದ್ದರೆ ಇದು ಕಡಿಮೆ, ಇಬ್ಬನಿಯೂ ಕಡಿಮೆ. ಒಣಗಿದ ಕೊಂಬೆ ಮುರಿದು ಬೀಳುವಂತಿಲ್ಲವಲ್ಲ ಎಂದು ಕತ್ತೆತ್ತಿ ನೋಡಿಯೇ ಜಾಗ ಹಿಡಿಯಿರಿ.

ಕೊನೆಯದಾಗಿ, ಬ್ಯಾಗಿನೊಳಗೆ ಬೆಚ್ಚಗಾಗಿ ಹೋಗಿ. ಬ್ಯಾಗ್ ಥರ್ಮಾಸ್ ಫ್ಲಾಸ್ಕ್ ಇದ್ದಂತೆ, ತಾನಾಗಿ ಶಾಖ ಹುಟ್ಟಿಸುವುದಿಲ್ಲ. ಮಲಗುವ ಮುಂಚೆ ಬೆವರದಷ್ಟು ಚುರುಕಾಗಿ ಓಡಾಡಿ, ಒಂದಿಷ್ಟು ಬಸ್ಕಿ ಹೊಡೆಯಿರಿ. ಹೊಟ್ಟೆ ತುಂಬ ತಿಂದಿರಿ. ಬಿಸಿನೀರಿನ ಬಾಟಲಿಯ ಮುಚ್ಚಳ ಬಿಗಿ ಮಾಡಿ, ಕಾಲುಚೀಲದೊಳಗೆ ತೂರಿಸಿ ಪಾದದ ಬಳಿ ಅಥವಾ ತೊಡೆಗಳ ನಡುವೆ ಇಟ್ಟುಕೊಳ್ಳಿ. ಪಾದ ಬೆಚ್ಚಗಿದ್ದರೆ ನಿದ್ದೆಯೂ ಬೇಗ ಹತ್ತುತ್ತದೆ. ಚಳಿಯಲ್ಲಿ ಮೂತ್ರ ಜಾಸ್ತಿ, ಯಾಕೆಂದರೆ ಕೈಕಾಲಿನ ರಕ್ತನಾಳ ಕುಗ್ಗಿ ರಕ್ತ ಒಳಗೆ ಸೇರುತ್ತದೆ, ಮೂತ್ರಪಿಂಡ ನೀರು ಹೊರಹಾಕುತ್ತದೆ. ಎದ್ದು ಹೋಗಲು ಸೋಮಾರಿತನ ಬೇಡ. ತಡೆದುಕೊಂಡು ಮಲಗಿದರೆ ನಿದ್ದೆ ಬರುವುದಿಲ್ಲ, ಅಷ್ಟೇ.

ಪ್ರಶ್ನೆ: ಬ್ಯಾಗಿನ ಮೇಲೆ ಮೂರು ಉಷ್ಣತೆಗಳನ್ನು ಬರೆದಿದ್ದಾರೆ. ಯಾವುದನ್ನು ನಂಬಲಿ? ಮುಖ ಒಳಗೆ ಮುಚ್ಚಿಕೊಂಡು ಮಲಗಬಹುದೇ?

ಐಎಸ್‌ಒ 23537 ಎಂಬ ಮಾನದಂಡದ ಪ್ರಕಾರ ಬರೆಯುವ ಅಂಕಿಗಳಿವು. ಮಾನವಾಕಾರದ ಗೊಂಬೆಗೆ ಬಟ್ಟೆ ತೊಡಿಸಿ, ಮ್ಯಾಟಿನ ಮೇಲೆ ಮಲಗಿಸಿ ಅಳೆಯುತ್ತಾರೆ. ಮ್ಯಾಟ್ ಇಲ್ಲದೆ ಆ ಅಂಕಿಗೆ ಬೆಲೆಯಿಲ್ಲ. 'ಕಂಫರ್ಟ್' ಎಂದರೆ ಸಾಧಾರಣ ಮೈಕಟ್ಟಿನ ಮಹಿಳೆ ಆರಾಮಾಗಿ ಮಲಗಬಹುದಾದ ಉಷ್ಣತೆ. 'ಲಿಮಿಟ್' ಎಂದರೆ ಸಾಧಾರಣ ಮೈಕಟ್ಟಿನ ಗಂಡಸು ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದಾದ ಉಷ್ಣತೆ. 'ಎಕ್ಸ್‌ಟ್ರೀಮ್' ಜೀವ ಉಳಿಸಿಕೊಳ್ಳುವ ಲೆಕ್ಕ, ನಿದ್ದೆಯ ಲೆಕ್ಕವಲ್ಲ. ಅದನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಮರೆತುಬಿಡಿ. ನೀವು ಗಂಡಸೋ ಹೆಂಗಸೋ, ಕಂಫರ್ಟ್ ಅಂಕಿಯನ್ನೇ ನೋಡಿ. ಮುನ್ಸೂಚನೆಯಲ್ಲಿರುವ ಕನಿಷ್ಠಕ್ಕಿಂತ ಅದು ಐದು ಡಿಗ್ರಿ ಕೆಳಗಿದ್ದರೆ ನೆಮ್ಮದಿ.

ಮುಖ ಒಳಗೆ ಹಾಕಬೇಡಿ. ಉಸಿರಿನ ತೇವ ಬ್ಯಾಗಿನ ಒಳಗೇ ಸೇರುತ್ತದೆ. ಪಕ್ಷಿಗರಿಯ ತುಪ್ಪುಳವಾದರೆ ಒದ್ದೆಯಾಗಿ ಮುದ್ದೆಗಟ್ಟುತ್ತದೆ. ಬಾಯಿ, ಮೂಗು ಹೊರಗಿರಲಿ, ಉಳಿದದ್ದಕ್ಕೆ ಉಣ್ಣೆಯ ಟೋಪಿ, ಮಫ್ಲರ್ ಇದೆಯಲ್ಲ. ಟೆಂಟಿನ ಕಿಂಡಿಯನ್ನೂ ಇದೇ ಕಾರಣಕ್ಕೆ ಪೂರ್ತಿ ಮುಚ್ಚಬಾರದು.

ಪ್ರಶ್ನೆ: ಟೆಂಟಿನೊಳಗೆ ಸಣ್ಣ ಸ್ಟವ್ ಅಥವಾ ಕೆಂಡದ ಕುಂಡ ಇಟ್ಟುಕೊಂಡರೆ?

ಬೇಡವೇ ಬೇಡ. ಆರಿಹೋದಂತೆ ಕಾಣುವ ಕೆಂಡವನ್ನೂ ಒಳಗೆ ತರಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಕಸಿದುಕೊಳ್ಳುತ್ತದೆ, ಮಲಗಿದವರು ಮಲಗಿದಲ್ಲೇ ಸಾಯುತ್ತಾರೆ. ಕಿಂಡಿ ತೆರೆದಿದ್ದರೂ ಅದನ್ನು ನಂಬಬೇಡಿ. ನೀರು ಕಾಯಿಸುವುದು, ಬೆಂಕಿ ಕಾಯಿಸಿಕೊಳ್ಳುವುದು ಎಲ್ಲ ಹೊರಗೇ ಮುಗಿಯಲಿ.

ಪ್ರಶ್ನೆ: ನನಗೆ 58 ವರ್ಷ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಮಗಳು ಈ ಪಣ ತೊಟ್ಟಿದ್ದಾಳೆ, ನಾನೂ ಜೊತೆಗೆ ಹೋಗಬೇಕೆಂದಿದ್ದೇನೆ. ಹೋಗಬಹುದೇ?

ಮಗಳ ಜೊತೆ ಹೋಗುವ ಆಸೆ ಕೇಳಿ ಸಂತೋಷವಾಯಿತು. ಮೊದಲು ನಿಮ್ಮ ವೈದ್ಯರನ್ನು ಕೇಳಿ, 'ರಾತ್ರಿಯಿಡೀ ಚಳಿಯಲ್ಲಿ ಇರುತ್ತೇನೆ' ಎಂದು ಬಿಡಿಸಿ ಹೇಳಿ. ಚಳಿಗೆ ರಕ್ತನಾಳ ಕುಗ್ಗಿ ಬಿಪಿ ಏರುತ್ತದೆ. ಬೀಟಾ ಬ್ಲಾಕರ್ ಗುಂಪಿನ ಮಾತ್ರೆಗಳಿಂದ ಕೈಕಾಲು ಇನ್ನಷ್ಟು ತಣ್ಣಗಾಗಬಹುದು. ವಯಸ್ಸಾದಂತೆ ಚಳಿ ಗೊತ್ತಾಗುವುದೂ ಕಡಿಮೆ, ಹಾಗಾಗಿ 'ನನಗೇನೂ ಚಳಿಯಿಲ್ಲ' ಎನ್ನುವ ನಿಮ್ಮ ಮಾತಿಗಿಂತ ಮಗಳ ಕಣ್ಣನ್ನು ನಂಬಿ. ನಿದ್ದೆ ಮಾತ್ರೆ ತೆಗೆದುಕೊಂಡು ಹೊರಗೆ ಮಲಗಬೇಡಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿಯುವವರು ಬಿಸಿನೀರಿನ ಬಾಟಲಿ ಇಡುವುದು ಬೇಡ, ಸುಟ್ಟರೂ ತಿಳಿಯುವುದಿಲ್ಲ. ವೈದ್ಯರು ಒಪ್ಪಿದರೆ ಅಂಗಳದಿಂದ ಶುರು ಮಾಡಿ.

ಪ್ರಶ್ನೆ: ಚಳಿಯೇನೂ ಕಾಡಲಿಲ್ಲ. ಆದರೆ ಪ್ರತಿ ತಿಂಗಳೂ ಅರೆಬರೆ ನಿದ್ದೆಯೇ. ನನ್ನಲ್ಲೇನಾದರೂ ತೊಂದರೆಯೇ?

ಇಲ್ಲ. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಹಗುರವಾಗಿರುವುದು ನಿದ್ದೆಯ ಸಂಶೋಧಕರಿಗೆ ಬಹಳ ಹಿಂದಿನಿಂದ ಗೊತ್ತಿರುವ ವಿಷಯ. ಅಂಥ ರಾತ್ರಿ ಮಿದುಳಿನ ಒಂದು ಭಾಗ ಇನ್ನೊಂದಕ್ಕಿಂತ ಹೆಚ್ಚು ಎಚ್ಚರವಾಗಿ ಕಾವಲು ಕಾಯುತ್ತದೆ ಎಂದು 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ತಿಂಗಳಿಗೊಮ್ಮೆ, ಅದೂ ಬೇರೆ ಬೇರೆ ಜಾಗದಲ್ಲಿ ಮಲಗಿದರೆ ನಿಮಗೆ ಪ್ರತಿ ಸಲವೂ ಮೊದಲ ರಾತ್ರಿಯೇ ಅಲ್ವಾ?

ಸತತ ಮೂರ್ನಾಲ್ಕು ತಿಂಗಳು ಒಂದೇ ಜಾಗಕ್ಕೆ ಹೋಗಿ ನೋಡಿ. ಮನೆಯ ದಿಂಬನ್ನೇ ಒಯ್ಯಿರಿ. ಕತ್ತಲು ಬೇಗ ಆಗುತ್ತದೆ ಎಂದು ಏಳಕ್ಕೇ ಮಲಗಿದರೆ ನಡುರಾತ್ರಿ ಎಚ್ಚರವಾಗುವುದು ಸಹಜ, ಆದ್ದರಿಂದ ದಿನಾ ಮಲಗುವ ಹೊತ್ತಿಗೇ ಮಲಗಿ. ನಿದ್ದೆ ಬಾರದಿದ್ದರೆ ಗಡಿಯಾರ ನೋಡುತ್ತಾ ಕೂರಬೇಡಿ. ಸುಮ್ನೆ ಬೆಚ್ಚಗೆ ಮಲಗಿದ್ದರೂ ಮೈಗೆ ವಿಶ್ರಾಂತಿ ಸಿಗುತ್ತದೆ. ಮರುದಿನ ರಜೆ ಇರುವ ರಾತ್ರಿಯನ್ನೇ ಆರಿಸಿ. ಬೆಳಿಗ್ಗೆ ಕಣ್ಣು ಎಳೆಯುತ್ತಿದ್ದರೆ ಗಾಡಿ ಓಡಿಸಬೇಡಿ, ಚೆನ್ನಾಗಿ ನಿದ್ದೆ ಮಾಡಿದವರ ಕೈಗೆ ಕೀಲಿ ಕೊಡಿ.